ಹಳೇ ಮಡಚು ಚಾಕು ಸಿಕ್ಕಿತಾ? ಮೊದಲು ಗ್ರೈಂಡರ್ ಪ್ಲಗ್ ಕಿತ್ತಿಡಿ

ನಾನು ಕೊಂಡ ಮೊದಲ ಹಳೇ ಮಡಚು ಚಾಕನ್ನು ಎರಡೇ ನಿಮಿಷದಲ್ಲಿ ಹಾಳು ಮಾಡಿದೆ. ಶಿವಮೊಗ್ಗದ ಗುಜರಿ ಅಂಗಡಿಯೊಂದರಲ್ಲಿ 150 ರೂಪಾಯಿಗೆ ಸಿಕ್ಕಿದ್ದು. ಎಮ್ಮೆ ಕೊಂಬಿನ ಹಿಡಿಕೆ, ಅಲಗಿನ ಬುಡದಲ್ಲಿ ಮಸುಕಾಗಿ ಷೆಫೀಲ್ಡ್ (ಚಾಕಿಗೆ ಹೆಸರಾದ ಇಂಗ್ಲೆಂಡಿನ ಊರು) ಅಂತ ಅಚ್ಚು, ಉಳಿದದ್ದೆಲ್ಲ ತುಕ್ಕು. ಮನೆಗೆ ಬಂದವನೇ ಕಾಫಿ ಕೂಡ ಕುಡಿಯದೆ ಗ್ರೈಂಡರಿಗೆ ತಂತಿ ಬ್ರಷ್ಷಿನ ಚಕ್ರ ಸಿಕ್ಕಿಸಿ ಉಜ್ಜಿದೆ. ತುಕ್ಕು ಹೋಯಿತು, ಜೊತೆಗೆ ಅಚ್ಚೂ ಹೋಯಿತು, ತುದಿಯ ಹತ್ತಿರ ನವಿಲಿನ ಕತ್ತಿನ ಹಾಗೆ ಚಂದದ ನೀಲಿ ಬಂತು. ನನಗೆ ಖುಷಿಯೋ ಖುಷಿ. ಊರಿನ ಕಮ್ಮಾರ ಆಚಾರ್ರಿಗೆ ತೋರಿಸಿದೆ. ಅವರು ಒಂದು ಸಲ ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ನೀಲಿ ಬಂತು ಅಂದ್ರೆ ಹದ ಹೋಯ್ತು ಮಾರಾಯ್ರೆ. ಇನ್ನಿದು ಬೆಣ್ಣೆ ಸವರೋಕಾಯ್ತು."

ಅವರು ಹೇಳಿದ್ದು ಸರಿ. ಉಕ್ಕನ್ನು ಕಾಯಿಸುತ್ತಾ ಹೋದರೆ ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಬಣ್ಣ ಬರುತ್ತದೆ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಹಳೇ ಕಾಲದ ಚಾಕಿನ ಉಕ್ಕು ನೀಲಿಗೆ ಬಂದರೆ ಗಟ್ಟಿತನ ಕಳೆದುಕೊಂಡಿದೆ ಅಂತಲೇ ಲೆಕ್ಕ. ಎಷ್ಟು ಮಸೆದರೂ ಬಾಯಿ, ಅಂದರೆ ಹರಿತ, ನಿಲ್ಲುವುದಿಲ್ಲ. ಚಾಕಿನ ತುದಿ ತೆಳು, ಗ್ರೈಂಡರ್ ಚಕ್ರ ತಾಗಿದ ಕೆಲವೇ ಸೆಕೆಂಡಿನಲ್ಲಿ ಆ ಶಾಖ ಬಂದುಬಿಡುತ್ತದೆ. ಆ ಚಾಕು ಇನ್ನೂ ನನ್ನ ಮೇಜಿನ ಮೇಲೇ ಇದೆ, ಕಾಗದ ಹಾರದ ಹಾಗೆ ಭಾರ ಇಡೋಕೆ.

ಆಮೇಲೆ ಒಂದೊಂದಾಗಿ ಹತ್ತಾರು ಚಾಕು ಕೈಗೆ ಬಂದವು. ಕೆಲವು ಗುಜರಿಯಿಂದ, ಕೆಲವು ಕಾಫಿ ತೋಟದಲ್ಲಿ ಲೆಕ್ಕ ಬರೆಯುತ್ತಿದ್ದ ಹಳೇ ರೈಟರ್‌ಗಳ ಮನೆಯಿಂದ, ಒಂದು ಅಮೆರಿಕದಿಂದ ಭಾವ ತಂದುಕೊಟ್ಟದ್ದು. ಈಗ ಯಾವುದೇ ಚಾಕು ಬಂದರೂ ಒಂದೇ ಲೆಕ್ಕ: ಎಷ್ಟು ಕಮ್ಮಿ ಕೆರೆದು ಕೆಲಸಕ್ಕೆ ಬರುವ ಹಾಗೆ ಮಾಡಬಹುದು. ಹೊಳಪು ನನಗೆ ಬೇಕಿಲ್ಲ. ತೆರೆಯಬೇಕು, ಗಟ್ಟಿ ನಿಲ್ಲಬೇಕು, ಕೊಯ್ಯಬೇಕು. ಅಷ್ಟೇ.

ಕೈಗೆ ಬರುವ ಚಾಕುಗಳು ಯಾವುವು

ಷಿಕಾರಿ ಚಾಕು ಅಂತ ಹಳಬರು ಕರೆಯುವುದರಲ್ಲಿ ಹೆಚ್ಚಿನವು ಎರಡು ಬಗೆ. ಒಂದಕ್ಕೆ ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗಿನ ಬಿಗಿತದ ಮೇಲೇ ಅಲಗು ನಿಲ್ಲುತ್ತದೆ. ಬ್ರಿಟಿಷರ ಕಾಲದಲ್ಲಿ ಬಂದ ಷೆಫೀಲ್ಡ್ ಚಾಕುಗಳು ಬಹುಪಾಲು ಇವೇ. ಬುಡದ ಅಚ್ಚಿನಲ್ಲಿ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ (ನಾಲ್ಕೂ ತೋಳು ತುದಿಗೆ ಅಗಲವಾದದ್ದು) ಒಟ್ಟಿಗೆ ಇದ್ದರೆ ಅದು ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಆ ಹೆಸರಿನ ನಕಲಿ ಕೂಡ ಬೇಕಾದಷ್ಟು ಇತ್ತು, ಹಾಗಾಗಿ ಅಚ್ಚು ನೋಡಿದ ತಕ್ಷಣ ಕುಣಿಯಬೇಡಿ. ಅಚ್ಚಿನಲ್ಲಿ "ಇಂಗ್ಲೆಂಡ್" ಅಂತ ದೇಶದ ಹೆಸರೂ ಇದ್ದರೆ ಹೆಚ್ಚಾಗಿ 1891ರ ಈಚಿನದು. ಅಮೆರಿಕ ಆಗ ಆಮದು ಮಾಲಿಗೆ ದೇಶದ ಹೆಸರು ಕಡ್ಡಾಯ ಮಾಡಿತ್ತು, ಕಾರ್ಖಾನೆಯವರು ಎಲ್ಲದಕ್ಕೂ ಒತ್ತಲು ಶುರುಮಾಡಿದರು. ಸೋಲಿಂಗೆನ್ ಅಂತ ಇದ್ದರೆ ಜರ್ಮನಿಯ ಊರು. ಆ ಹೆಸರಿಗೆ 1938ರಿಂದ ಕಾನೂನಿನ ಕಾವಲೇ ಇದೆ.

ಇನ್ನೊಂದು ಬಗೆಯದ್ದು ಬೆನ್ನಿನಲ್ಲಿ ಲಾಕ್ ಇರುವುದು. ಇದರಲ್ಲಿ ರಾಜ ಅಂದರೆ ಅಮೆರಿಕದ ಬಕ್ ಕಂಪನಿಯ 110, 1964ರಿಂದ ಮಾರಾಟದಲ್ಲಿದೆ. ಹಿಡಿಕೆಯ ಎರಡೂ ತುದಿಗೆ ಹಿತ್ತಾಳೆ ಟೋಪಿ, ನಡುವೆ ಕಪ್ಪು ಮರ, ಮೂರೂ ಮುಕ್ಕಾಲು ಇಂಚಿನ ಅಲಗು, ತೂಕ ಹತ್ತಿರ ಹತ್ತಿರ 200 ಗ್ರಾಂ. ಜೇಬಿಗೆ ಹಾಕಿದರೆ ಪಂಚೆ ಜಾರುತ್ತದೆ, ಬೆಲ್ಟಿನ ಚೀಲವೇ ಸರಿ. 1986ರಿಂದ ಈಚೆಗೆ ಬಂದದ್ದಾದರೆ ಅಲಗಿನ ಬುಡದಲ್ಲಿ ವರ್ಷಕ್ಕೊಂದರಂತೆ ಸಣ್ಣ ಗುರುತು ಒತ್ತಿರುತ್ತಾರೆ. ಅದಕ್ಕೇ ಬುಡವನ್ನು ಉಜ್ಜಬೇಡಿ ಅನ್ನುವುದು. ಚಾಕಿನ ಜಾತಕ ಇರುವುದೇ ಅಲ್ಲಿ.

ಮೂರನೇದು ಷಿಕಾರಿ ಚಾಕು ಅಲ್ಲ, ಆದರೂ ಹೇಳಲೇಬೇಕು. ಫ್ರಾನ್ಸಿನ ಒಪಿನೆಲ್. 1890ರಲ್ಲಿ ಶುರುವಾದ ರೈತರ ಚಾಕು, ಮರದ ಹಿಡಿಕೆ, 1955ರಿಂದ ಕುತ್ತಿಗೆಗೆ ತಿರುಗಿಸುವ ಉಂಗುರದ ಲಾಕ್. ಅಗ್ಗ, ಹಗುರ, ಚೆನ್ನಾಗಿ ಕೊಯ್ಯುತ್ತದೆ. ಆದರೆ ನಮ್ಮ ಆಷಾಢದಲ್ಲಿ ಅದರ ಮರ ನೀರು ಕುಡಿದು ಉಬ್ಬಿ ಅಲಗನ್ನು ಹಲ್ಲು ಕಚ್ಚಿದ ಹಾಗೆ ಹಿಡಿದುಕೊಳ್ಳುತ್ತದೆ. ಆಗ ಉಗುರು ಮುರಿದುಕೊಳ್ಳಬೇಡಿ. ಉಂಗುರ ಬಿಡಿಸಿ, ಹಿಡಿಕೆಯ ಹಿಂತುದಿಯನ್ನು ಕಲ್ಲಿಗೋ ಮೇಜಿಗೋ ಟಕ್ ಅಂತ ಕುಟ್ಟಿ, ಅಲಗಿನ ತುದಿ ತಾನೇ ಹೊರಗೆ ಇಣುಕುತ್ತದೆ.

ಅರ್ಧ ಗಂಟೆ ಸುಮ್ನೆ ನೋಡಿ

ಚಾಕು ಸಿಕ್ಕ ದಿನ ಏನೂ ಮಾಡಬೇಡಿ. ಬೆಳಕಿಗೆ ಕೂತು ನೋಡಿ. ಅಲಗು ಮೂಲದ ಆಕಾರದಲ್ಲಿದೆಯಾ, ಅಥವಾ ಯಾರೋ ಮಸೆದೂ ಮಸೆದೂ ಅರ್ಧ ತಿಂದು ಹಾಕಿದ್ದಾರಾ? ಅರ್ಧ ಸವೆದ ಚಾಕಿಗೆ ಜಾಸ್ತಿ ದುಡ್ಡು ಕೊಡಬೇಡಿ, ಕಳೆದ ಉಕ್ಕು ಮತ್ತೆ ಬರುವುದಿಲ್ಲ. ತೆರೆದು ಅಲಗನ್ನು ಎಡಬಲಕ್ಕೆ ಅಲ್ಲಾಡಿಸಿ. ಸ್ವಲ್ಪ ಅಲ್ಲಾಡಿದರೆ ಸರಿಮಾಡಬಹುದು. ಮೇಲೆ ಕೆಳಗೆ ಅಲ್ಲಾಡಿದರೆ ಲಾಕೋ ಸ್ಪ್ರಿಂಗೋ ಸವೆದಿದೆ ಅಂತ, ಅದು ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ. ಲಾಕ್ ಇಲ್ಲದ ಚಾಕಾದರೆ ಅದರ ಸದ್ದು ಕೇಳಿ. ಚೆನ್ನಾಗಿರುವ ಸ್ಪ್ರಿಂಗು ತೆರೆಯುವಾಗಲೂ ಮುಚ್ಚುವಾಗಲೂ ಟಕ್ ಅನ್ನುತ್ತದೆ. ಮೆತ್ತಗೆ ಜಾರಿದರೆ ಒಂದೋ ಒಳಗೆ ಕೊಳೆ ತುಂಬಿದೆ, ಇಲ್ಲವೋ ಸ್ಪ್ರಿಂಗು ಸತ್ತಿದೆ. ಕೊಳೆಯೇ ಆಗಿರಲಿ ಅಂತ ದೇವರಿಗೆ ಕೈಮುಗಿಯಿರಿ.

ಉಕ್ಕು ಯಾವುದು ಅಂತಲೂ ಗೊತ್ತಾಗಬೇಕು. ತುಕ್ಕು ಹಿಡಿಯದ ಉಕ್ಕನ್ನು ಷೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಮಾಡಿದ್ದು 1913ರಲ್ಲಿ. ಅದಕ್ಕೂ ಹಿಂದಿನದೆಲ್ಲ ತುಕ್ಕು ಹಿಡಿಯುವ ಕರಿ ಉಕ್ಕು (ಕಾರ್ಬನ್ ಸ್ಟೀಲ್), ಆಮೇಲೂ ಬಹಳ ಕಾಲ ಕರಿ ಉಕ್ಕಿನವೇ ಬಂದವು. ಅನುಮಾನ ಇದ್ದರೆ ಕಾಣದ ಕಡೆ ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷ ಬಿಡಿ. ಬೂದು ಕಲೆ ಬಿದ್ದರೆ ಕರಿ ಉಕ್ಕು, ಏನೂ ಆಗದಿದ್ದರೆ ಸ್ಟೇನ್‌ಲೆಸ್. ಕಲೆ ಬಿದ್ದ ಜಾಗ ತಕ್ಷಣ ತೊಳೆದು ಒರೆಸಿ.

ಹಿಡಿಕೆ ವಿಚಾರದಲ್ಲಿ ಒಂದು ಎಚ್ಚರಿಕೆ. ಹಳೇ ಷಿಕಾರಿ ಚಾಕಿನ ಹಿಡಿಕೆಗೆ ಷೆಫೀಲ್ಡಿನವರಿಗೂ ಸೋಲಿಂಗೆನ್ನಿನವರಿಗೂ ಬಹಳ ಇಷ್ಟವಾಗಿದ್ದದ್ದು ನಮ್ಮ ಕಡವೆಯ ಕೊಂಬು. ಇಲ್ಲಿಂದಲೇ ಹಡಗಿನಲ್ಲಿ ಹೋಗಿ, ಚಾಕಾಗಿ ಮತ್ತೆ ದೊರೆಗಳ ಸೊಂಟದಲ್ಲಿ ಇಲ್ಲಿಗೇ ಬರುತ್ತಿತ್ತು ಅಂದರೆ ನಗು ಬರುತ್ತದೆ. ಈಗ ಕಡವೆ, ಜಿಂಕೆ ಕೊಂಬಿನ ವ್ಯಾಪಾರ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ದಂತವಂತೂ ಕೇಳಲೇಬೇಡಿ. 2023ರಲ್ಲಿ ಹುಲಿ ಉಗುರಿನ ಗಲಾಟೆ ನೋಡಿದಿರಲ್ವಾ? ಅಂಥ ಹಿಡಿಕೆಯ ಚಾಕು ಎಷ್ಟೇ ಚಂದ ಇದ್ದರೂ, ಎಷ್ಟೇ ಅಗ್ಗಕ್ಕೆ ಕೊಟ್ಟರೂ, ವಾಪಸ್ ಕೊಟ್ಟು ಬನ್ನಿ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬು ಆರಿಸಿ ಹಿಡಿಕೆ ಮಾಡೋಣ ಅಂತಲೂ ಹೊರಡಬೇಡಿ.

ಕೀಲು ತೊಳೆಯುವುದು

ನೂರಕ್ಕೆ ಎಪ್ಪತ್ತು ಚಾಕಿಗೆ ಇಷ್ಟೇ ಸಾಕು ಅಂತ ನನ್ನ ಅಂದಾಜು. ಒಂದು ಹಳೇ ಉಪ್ಪಿನಕಾಯಿ ಬಾಟಲಿಯಲ್ಲಿ ಸೀಮೆಎಣ್ಣೆ ಹಾಕಿ, ಚಾಕನ್ನು ಅರ್ಧ ತೆರೆದು ಕೀಲು ಮಾತ್ರ ಮುಳುಗುವ ಹಾಗೆ ರಾತ್ರಿಯಿಡೀ ಇಡಿ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಆದರೂ ಆಗುತ್ತದೆ, ಡಬ್ಲ್ಯುಡಿ-40 ಸ್ಪ್ರೇ ಇದ್ದರೆ ಇನ್ನೂ ಸುಲಭ. ಮರದ ಹಿಡಿಕೆ ಆದರೆ ಮುಳುಗಿಸಬೇಡಿ, ಕೀಲಿಗೆ ಹನಿ ಹನಿಯಾಗಿ ಬಿಡಿ. ಬೆಳಿಗ್ಗೆ ಮೆಲ್ಲಗೆ ತೆರೆದು ಮುಚ್ಚಿ ಮಾಡಿ. ಕಾಫಿ ಗಸಿಯಂಥ ಕಂದು ರಸ ಬರುತ್ತದೆ, ಅದು ಬರುವುದು ನಿಲ್ಲುವ ತನಕ ಹೀಗೇ ಮಾಡಿ. ಆಮೇಲೆ ಹಿಡಿಕೆಯೊಳಗಿನ ಸಂದಿಗೆ ಬಿದಿರು ಕಡ್ಡಿ ಚೂಪು ಮಾಡಿ ಕೆರೆಯಿರಿ. ಕಬ್ಬಿಣದ ಮೊಳೆ ಬೇಡ, ಒಳಗೆ ಗೀರು ಬೀಳುತ್ತದೆ. ಕೊನೆಗೆ ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಹೊಡೆಸಿ. ಕಣ್ಣು ಆ ಕಡೆ ತಿರುಗಿಸಿಕೊಳ್ಳಿ, ನನಗೆ ಒಮ್ಮೆ ಇಪ್ಪತ್ತು ವರ್ಷದ ಕೊಳೆ ಮುಖಕ್ಕೇ ಬಂದಿತ್ತು.

ಬೆನ್ನಿನ ಲಾಕ್ ಇರುವ ಚಾಕಿನಲ್ಲಿ ಒಂದು ಜಾಗ ಬಹಳ ಮುಖ್ಯ. ಅಲಗಿನ ಬುಡದಲ್ಲಿ ಒಂದು ಕಚ್ಚು ಇರುತ್ತದೆ, ಲಾಕಿನ ಹಲ್ಲು ಅದರೊಳಗೆ ಕೂರಬೇಕು. ಜೇಬಿನ ದಾರ, ಅಡಿಕೆ ಸಿಪ್ಪೆಯ ನಾರು ಎಲ್ಲ ಅಲ್ಲೇ ಹೋಗಿ ಗಟ್ಟಿಯಾಗುತ್ತದೆ. ಹಲ್ಲು ಪೂರ್ತಿ ಕೂರದೆ, ಲಾಕ್ ಬಿತ್ತು ಅಂತ ನಾವು ನಂಬಿದ ಹೊತ್ತಿಗೆ ಬೆರಳ ಮೇಲೆ ಮುಚ್ಚಿಕೊಳ್ಳುತ್ತದೆ. ಭಾವ ತಂದುಕೊಟ್ಟ ಚಾಕಿನ ಕಚ್ಚಿನಿಂದ ನಾನು ಒಂದು ಸುಗ್ಗಿ ಕಳೆದ ಮೇಲೆ ತೆಗೆದ ನಾರು ಅಕ್ಕಿಕಾಳಿನಷ್ಟು ಇತ್ತು. ಕಡ್ಡಿ ಹಾಕಿ ಸ್ವಚ್ಛ ಮಾಡಿದ ಮೇಲೆ ಪರೀಕ್ಷೆ ಮಾಡಿ: ಅಲಗಿನ ಬೆನ್ನನ್ನು ಮರದ ಹಲಗೆಗೆ ಒತ್ತಿ, ಬೆರಳುಗಳನ್ನು ಅಲಗು ಮುಚ್ಚುವ ದಾರಿಯಿಂದ ದೂರ ಇಟ್ಟುಕೊಂಡು. ಜೋರಾಗಿ ಕುಟ್ಟುವ ಅಗತ್ಯ ಇಲ್ಲ, ಕುಟ್ಟಿದರೆ ಲಾಕೇ ಸವೆಯುತ್ತದೆ.

ಎಣ್ಣೆ ಯಾವುದು? ಕೊಬ್ಬರಿ ಎಣ್ಣೆ ಬೇಡ. ಎಲ್ಲರ ಕೈಯೂ ಮೊದಲು ಅದಕ್ಕೇ ಹೋಗುತ್ತದೆ, ನನ್ನದೂ ಹೋಗಿತ್ತು. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ತೀರ್ಥಹಳ್ಳಿ ಕಡೆ ಬಾಟಲಿಯೊಳಗೆ ಏನಾಗುತ್ತದೋ ಕೀಲಿನೊಳಗೂ ಅದೇ ಆಗುತ್ತದೆ. ಬೇರೆ ಅಡುಗೆ ಎಣ್ಣೆಗಳು ಕೆಲವು ತಿಂಗಳಲ್ಲಿ ಅಂಟಾಗುತ್ತವೆ. ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ಒಂದು ಹನಿ ಸಾಕು. ಹಣ್ಣು ತರಕಾರಿ ಹೆಚ್ಚುವ ಚಾಕಾದರೆ ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಕೇಳಿ. ಹೊಟ್ಟೆ ಕಟ್ಟಿದವರಿಗೆ ಕೊಡುವ ಎಣ್ಣೆ ಅದು, ಹಾಗಾಗಿ ಅಂಗಡಿಯವರು ಒಂಥರಾ ನೋಡುತ್ತಾರೆ. ನೋಡಲಿ ಬಿಡಿ.

ತುಕ್ಕು ಬೇರೆ, ಕಪ್ಪು ಬೇರೆ

ಹೊಸಬರು ಎಡವುವುದು ಇಲ್ಲೇ. ಕೆಂಪು, ಪುಡಿಪುಡಿ, ಬೆರಳಿಗೆ ಮೆತ್ತುವುದು ತುಕ್ಕು. ಅದು ಉಕ್ಕನ್ನು ತಿನ್ನುತ್ತಲೇ ಇರುತ್ತದೆ, ತೆಗೆಯಲೇಬೇಕು. ಬೂದು, ನೀಲಿಗಪ್ಪು, ಒರೆಸಿದರೂ ಹೋಗದ್ದು ವರ್ಷಗಟ್ಟಲೆ ಕೆಲಸ ಮಾಡಿ ಬಂದ ಬಣ್ಣ. ಅದು ಉಕ್ಕಿನ ಮೈಗಾವಲು. ಅದನ್ನು ತೆಗೆದು ಫಳಫಳ ಮಾಡಿದರೆ ಮುಂದಿನ ಮಳೆಗಾಲಕ್ಕೆ ಹೊಸ ತುಕ್ಕಿಗೆ ನೀವೇ ಚಾಪೆ ಹಾಸಿ ಕೊಟ್ಟಂತೆ.

ತುಕ್ಕಿಗೆ ಮೊದಲು ಎಣ್ಣೆ ಹಚ್ಚಿ ಒಂದು ದಿನ ಬಿಡಿ. ಆಮೇಲೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಎಣ್ಣೆಯ ಮೇಲೇ ಮೆತ್ತಗೆ ಉಜ್ಜಿ. ಅಲ್ಯೂಮಿನಿಯಂ ಉಕ್ಕಿಗಿಂತ ಮೆದು, ಅಲಗಿಗೆ ಗೀರು ಬೀಳುವುದು ಕಮ್ಮಿ. ಅರ್ಧ ತುಕ್ಕು ಇದರಲ್ಲೇ ಹೋಗುತ್ತದೆ. ಉಳಿದ ಗಟ್ಟಿ ಜಾಗಕ್ಕೆ ಮಾತ್ರ ನೀರುಕಾಗದ, ಅಂದರೆ ಪೈಂಟ್ ಅಂಗಡಿಯ ವಾಟರ್ ಪೇಪರ್. 600ರಿಂದ ಶುರುಮಾಡಿ 1000, ಬೇಕಿದ್ದರೆ 2000. ಸಣ್ಣ ಮರದ ತುಂಡಿಗೆ ಸುತ್ತಿಕೊಂಡು, ಎಣ್ಣೆ ಹಚ್ಚಿ, ಒಂದೇ ದಿಕ್ಕಿಗೆ ಉಜ್ಜಿ. ಬರೀ ಬೆರಳಲ್ಲಿ ಒತ್ತಿ ಉಜ್ಜಿದರೆ ಅಲಗಿನ ಮೇಲೆ ಹಳ್ಳ ಬೀಳುತ್ತದೆ, ಅಚ್ಚಿನ ಅಂಚು ಮಾಸುತ್ತದೆ. ತುಕ್ಕು ಹೋದ ಕಡೆ ಸಿಡುಬಿನ ಕಲೆಯ ಹಾಗೆ ಗುಂಡಿ ಉಳಿಯುತ್ತದೆ. ಉಳಿಯಲಿ. ಅದನ್ನೂ ಸಪಾಟು ಮಾಡ್ತೀನಿ ಅಂತ ಹೊರಟರೆ ಅಲಗು ಕಾಗದವಾಗುತ್ತದೆ.

ಪೂರ್ತಿ ಚಾಕನ್ನು ವಿನೆಗರ್‌ನಲ್ಲೋ ಹುಣಸೆನೀರಲ್ಲೋ ಮುಳುಗಿಸಿಡುವ ಉಪಾಯ ಕೆಲವರು ಹೇಳುತ್ತಾರೆ. ಮಡಚದ ಕತ್ತಿಗೆ ಸರಿ. ಮಡಚು ಚಾಕಿಗೆ ಬೇಡವೇ ಬೇಡ, ಹುಳಿ ಕೀಲಿನೊಳಗೆ ಕೂತರೆ ತೊಳೆಯೋಕಾಗುವುದಿಲ್ಲ, ಒಳಗಿಂದಲೇ ತಿನ್ನುತ್ತದೆ.

ಇನ್ನು ನಮ್ಮ ಮಲೆನಾಡಿನವರಿಗೆ ಮಾತ್ರ ಬಿಟ್ಟಿ ಸಿಗುವ ಒಂದು ವಿದ್ಯೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಸುಗ್ಗಿಯಲ್ಲಿ ಇದ್ದಿಲಿನ ಹಾಗೆ ಕಪ್ಪಾಗುತ್ತದಲ್ವಾ? ಸುಲಿಯುವ ಹೆಂಗಸರ ಕೈ ಕೂಡ. ಅಡಿಕೆಯಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ ಬಹಳ, ಅದು ಕಬ್ಬಿಣಕ್ಕೆ ಸೇರಿದರೆ ಕಪ್ಪು ಬಣ್ಣ ಕಟ್ಟುತ್ತದೆ. ಹೊರದೇಶದವರು ಇದಕ್ಕೆ ಕಡು ಕಾಫಿ, ಸಾಸಿವೆ ಗೊಜ್ಜು ಅಂತ ಏನೇನೋ ಹಚ್ಚುತ್ತಾರೆ. ನಮ್ಮಲ್ಲಿ ಹಂಡೆಗಟ್ಟಲೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕಡು ನೀರು ಇದೆ. ಅಡಿಕೆ ಬೇಯಿಸುವ ದಿನ ಒಂದು ಲೋಟ ಗಟ್ಟಿ ಚೊಗರು ಎತ್ತಿಟ್ಟುಕೊಳ್ಳಿ. ಕರಿ ಉಕ್ಕಿನ ಅಲಗನ್ನು ಸೋಪು ಹಾಕಿ ತೊಳೆದು, ಒಣಗಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ. ಬೆರಳಿನ ಜಿಡ್ಡು ಇದ್ದರೂ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಬೆಚ್ಚಗಿನ ಚೊಗರನ್ನು ಬಟ್ಟೆಯಲ್ಲಿ ಅದ್ದಿ ಅಲಗಿಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ತೊಳೆದು, ಮತ್ತೆ ಹಚ್ಚಿ. ನಾಲ್ಕೈದು ಸಲಕ್ಕೆ ಮೋಡದ ಬಣ್ಣ, ಆಮೇಲೆ ನೀಲಿಗಪ್ಪು. ಕೀಲಿಗೆ ಇಳಿಯದ ಹಾಗೆ ಚಾಕನ್ನು ಅಲಗು ಕೆಳಗಾಗಿ ಹಿಡಿಯಿರಿ. ಮುಗಿದ ಮೇಲೆ ಚೆನ್ನಾಗಿ ಒಣಗಿಸಿ ಎಣ್ಣೆ. ಇದು ತುಕ್ಕನ್ನು ಪೂರ್ತಿ ತಡೆಯುವುದಿಲ್ಲ, ಆದರೆ ನಿಧಾನ ಮಾಡುತ್ತದೆ. ಸ್ಟೇನ್‌ಲೆಸ್ ಅಲಗಿಗೆ ಹಚ್ಚಿ ಕಾಯಬೇಡಿ, ಅದು ಜಪ್ಪಯ್ಯ ಅಂದರೂ ಕಪ್ಪಾಗುವುದಿಲ್ಲ.

ಹಿತ್ತಾಳೆ ಟೋಪಿಗೆ ಹುಣಸೆಹಣ್ಣು, ಉಪ್ಪು, ಚಿಟಿಕೆ ಬೂದಿ. ದೇವರ ದೀಪ ತೊಳೆಯುವುದು ನೋಡಿದ್ದರೆ ಇದನ್ನು ಹೇಳಿಕೊಡಬೇಕಿಲ್ಲ. ಒಂದೇ ವಿಷಯ, ಬಟ್ಟೆಯಲ್ಲಿ ಹಚ್ಚಿ ಉಜ್ಜಿ ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ, ನಲ್ಲಿ ಕೆಳಗೆ ಹಿಡಿಯಬೇಡಿ. ಹಸಿರು ಕಿಲುಬು ಮಾತ್ರ ಒಂಚೂರೂ ಬಿಡದೆ ತೆಗೆಯಿರಿ. ಮಾಸಲು ಬಂಗಾರದ ಬಣ್ಣ ಹಾಗೇ ಇರಲಿ, ನನಗೆ ಅದೇ ಚಂದ.

ಹಿಡಿಕೆ, ಮತ್ತೆ ಸಡಿಲ ಕೀಲು

ಮರದ ಹಿಡಿಕೆ ಒಣಗಿ ಬಿಳುಚಿಕೊಂಡಿದ್ದರೆ ಅಗಸೆ ಎಣ್ಣೆ. ಪೈಂಟ್ ಅಂಗಡಿಯಲ್ಲಿ ಕಾಯಿಸಿದ್ದು ಸಿಗುತ್ತದೆ. ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದು ಒರೆಸಿ, ಮರುದಿನ ಮತ್ತೊಂದು ಕೈ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ತಮಾಷೆಗೆ ಹೇಳ್ತಿಲ್ಲ. ಹರಡಿ ಒಣಗಿಸಿ ಅಥವಾ ನೀರಲ್ಲಿ ಅದ್ದಿಡಿ. ಕೊಂಬು, ಮೂಳೆಯ ಹಿಡಿಕೆಗೆ ಇದು ಬೇಡ, ಒಣ ಬಟ್ಟೆಯಲ್ಲಿ ಉಜ್ಜಿ ಸ್ವಲ್ಪ ಮೇಣ ಸವರಿದರೆ ಸಾಕು. ಸಣ್ಣ ಬಿರುಕಿಗೆ ತೆಳು ಫೆವಿಕ್ವಿಕ್, ಬಿಟ್ಟುಕೊಂಡ ತುಂಡಿಗೆ ಅರಾಲ್ಡೈಟ್.

ಪೂರ್ತಿ ಮುರಿದಿದ್ದರೆ ಹೊಸ ಹಿಡಿಕೆಗೆ ಬೀಟೆಗಿಂತ ಒಳ್ಳೆಯ ಮರ ಬೇಕಾ? ಪೀಠೋಪಕರಣ ಮಾಡುವವರ ಹತ್ತಿರ ಅಂಗೈಯಷ್ಟು ತುಂಡು ಕಸದಲ್ಲಿ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಕಾಡಿನಿಂದ ತರುವ ಯೋಚನೆ ಬೇಡ. ಸಾಗರ, ಸೊರಬದ ಕಡೆ ಗುಡಿಗಾರರ ಕೆತ್ತನೆ ಕೆಲಸ ಹೆಸರುವಾಸಿ. ಹಿಡಿಕೆ ರೂಪಕ್ಕೆ ತರುವುದು ಕಷ್ಟ ಅನಿಸಿದರೆ ಅಂಥವರ ಹತ್ತಿರ ಕೂತು ಒಂದು ಗಂಟೆ ನೋಡಿ, ಉಳಿ ಹಿಡಿಯುವುದೇ ಬೇರೆ ಥರ ಕಾಣುತ್ತದೆ. ಬೀಟೆ ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿ, ಆ ಪುಡಿ ಕೆಲವರಿಗೆ ಸೀನು, ತುರಿಕೆ ತರುತ್ತದೆ.

ಅಲಗು ಎಡಬಲಕ್ಕೆ ಅಲ್ಲಾಡುತ್ತಿದ್ದರೆ ಕೀಲಿನ ಪಿನ್ನು ಸಡಿಲವಾಗಿದೆ. ಚಪ್ಪಟೆ ಕಬ್ಬಿಣದ ಮೇಲೆ ಚಾಕು ಮಲಗಿಸಿ, ಪಿನ್ನಿನ ತಲೆಗೆ ಸಣ್ಣ ಗುಂಡುತಲೆಯ ಸುತ್ತಿಗೆಯಿಂದ ಟಿಕ್ ಟಿಕ್ ಅಂತ ನಾಲ್ಕೇಟು, ತಿರುಗಿಸಿ ಆ ಕಡೆ ನಾಲ್ಕೇಟು, ತೆರೆದು ನೋಡಿ, ಮತ್ತೆ ಎರಡೇಟು. ಜಾಸ್ತಿ ಬಿಗಿಯಾಗಬಾರದು ಅಂದರೆ ತಂಪು ಪಾನೀಯದ ಕ್ಯಾನಿನಿಂದ ಒಂದು ಸಣ್ಣ ಪಟ್ಟಿ ಕತ್ತರಿಸಿ, ಮಧ್ಯೆ ಸೀಳಿ, ಅಲಗಿಗೂ ಹಿಡಿಕೆಯ ಒಳಗೋಡೆಗೂ ನಡುವೆ ಸಿಕ್ಕಿಸಿ ಬಡಿಯಿರಿ. ಆಮೇಲೆ ಎಳೆದು ತೆಗೆಯಿರಿ. ಅದರ ದಪ್ಪದಷ್ಟು ಜಾಗ ಉಳಿಯುತ್ತದೆ. ಕೊಂಬಿನ ಹಿಡಿಕೆಯ ಮೇಲೆ ಸುತ್ತಿಗೆ ಜಾರಿದರೆ ಕಥೆ ಮುಗಿಯಿತು. ಬಕ್ 110ರಂಥ ಚಾಕಿನಲ್ಲಿ ಪಿನ್ನನ್ನು ಹಿತ್ತಾಳೆಯ ಮಟ್ಟಕ್ಕೇ ಉಜ್ಜಿರುತ್ತಾರೆ, ಏಟು ಹಾಕಿದರೆ ಗುರುತು ಉಳಿಯುತ್ತದೆ. ನಾನಂತೂ ಅದಕ್ಕೆ ಕೈ ಹಾಕುವುದಿಲ್ಲ.

ಬಾಯಿ ಕಟ್ಟುವುದು

ನಮ್ಮಲ್ಲಿ ಕತ್ತಿ ಮಸೆಯೋಕೆ ಮರದ ದಿಮ್ಮಿಯ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ ಉಜ್ಜುವ ರೂಢಿ. ಸೊಪ್ಪು ಕಡಿಯುವ ಕತ್ತಿಗೆ ಅದು ಚೆನ್ನ. ಮಡಚು ಚಾಕಿಗೆ ಬೇಡ, ಆ ಪುಡಿ ಕೀಲಿಗೆ ಹೊಕ್ಕರೆ ಒಳಗೆಲ್ಲ ಅರೆದು ಹಾಕುತ್ತದೆ. ಸಾಣೆ ಹಿಡಿಯುವವನ ಚಕ್ರಕ್ಕೂ ಕೊಡಬೇಡಿ, ಕಾರಣ ಮೊದಲೇ ಹೇಳಿದೆ. ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಸಾಣೆಕಲ್ಲು ಸಾಕು, ಒಂದು ಕಡೆ ತರಿ, ಒಂದು ಕಡೆ ನಯ.

ಕೋನ ಎಷ್ಟು? ಒಂದು ಬದಿಗೆ 20 ಡಿಗ್ರಿ. ಅಳೆಯೋಕೆ ಕೋನಮಾಪಕ ಬೇಡ. ಹಾಳೆಯ ಒಂದು ಮೂಲೆ 90, ಮಡಚಿದರೆ 45, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಆ ಮೂಲೆಯನ್ನು ಕಲ್ಲಿನ ಮೇಲೆ ಇಟ್ಟು ಅಲಗನ್ನು ಅದಕ್ಕೆ ಒರಗಿಸಿ ಕಣ್ಣಿಗೆ ಅಳತೆ ಕೂರಿಸಿಕೊಳ್ಳಿ, ಅದಕ್ಕಿಂತ ಕೂದಲೆಳೆ ಕೆಳಗೆ. ಕಲ್ಲು ನೆನೆಸಿ, ಕಲ್ಲಿನಿಂದ ಒಂದು ತೆಳು ಪದರ ಕೊಯ್ಯುವ ಹಾಗೆ ಅಲಗನ್ನು ಮುಂದೆ ತಳ್ಳಿ, ಬುಡದಿಂದ ತುದಿವರೆಗೆ. ತುದಿ ಬಾಗಿರುವ ಕಡೆ ಹಿಡಿಕೆಯನ್ನು ಸ್ವಲ್ಪ ಎತ್ತಬೇಕು, ಇಲ್ಲವಾದರೆ ಮೂತಿ ಮೊಂಡಾಗಿಯೇ ಉಳಿಯುತ್ತದೆ. ಒಂದೇ ಬದಿ ಮಸೆಯುತ್ತಾ ಇದ್ದರೆ, ಆ ಕಡೆ ಬದಿಯಲ್ಲಿ ಬೆರಳನ್ನು ಅಡ್ಡ ಸವರಿದಾಗ ಕೂದಲಿನಷ್ಟು ಒರಟು ಅಂಚು ಸಿಗುತ್ತದೆ. ಬುಡದಿಂದ ತುದಿವರೆಗೂ ಅದು ಸಿಕ್ಕಿತು ಅಂದರೆ ಆ ಬದಿ ಮುಗಿಯಿತು, ತಿರುಗಿಸಿ. ಹೊಸಬರು ಈ ಅಂಚು ಬರುವ ಮೊದಲೇ ಬದಿ ಬದಲಿಸಿ, "ಎಷ್ಟು ಮಸೆದರೂ ಹರಿತ ಆಗಲ್ಲ" ಅಂತ ಕಲ್ಲಿಗೆ ಬೈಯುತ್ತಾರೆ.

ನಯ ಮುಖದಲ್ಲೂ ಹೀಗೇ ಮಾಡಿ, ಕೈ ಹಗುರ ಮಾಡುತ್ತಾ ಬನ್ನಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒರಟು ಒಳಮೈಗೆ ಲೋಹಕ್ಕೆ ಹೊಳಪು ಕೊಡುವ ಪಾಲಿಷ್ ಸೋಪು ಸವರಿ, ಅಲಗನ್ನು ಹಿಮ್ಮುಖವಾಗಿ, ಬೆನ್ನು ಮುಂದಾಗಿ ಇಪ್ಪತ್ತು ಸಲ ಎಳೆಯಿರಿ. ಹೆಬ್ಬೆರಳಲ್ಲಿ ಪರೀಕ್ಷೆ ಮಾಡುವ ಚಟ ಬಿಡಿ. ದಿನಪತ್ರಿಕೆಯ ಹಾಳೆ ತೂಗಿ ಹಿಡಿದು ಕೊಯ್ಯಿರಿ, ಎಲ್ಲಿ ಹರಿಯುತ್ತದೋ ಅಲ್ಲಿ ಮೊಂಡು.

ಜೊತೆಗೆ ಒಯ್ಯುವುದು

ಬೇಟೆ ಇಲ್ಲ. ವನ್ಯಜೀವಿ ಕಾಯ್ದೆಯ 9ನೇ ಸೆಕ್ಷನ್ ಅದನ್ನು ನಿಲ್ಲಿಸಿದೆ, ನಿಂತದ್ದು ಒಳ್ಳೆಯದೇ. ಹಾಗಾಗಿ ಈ ಷಿಕಾರಿ ಚಾಕುಗಳಿಗೆ ಈಗ ತೋಟದ ನೌಕರಿ. ಬಾಳೆಎಲೆ ಕೊಯ್ಯುವುದು, ಮೆಣಸಿನ ಬಳ್ಳಿ ಕಟ್ಟುವ ಹಗ್ಗ ಕತ್ತರಿಸುವುದು, ಗೊಬ್ಬರದ ಚೀಲ ಬಿಚ್ಚುವುದು, ಕಸಿ ಕಟ್ಟುವುದು. ಹಲಸಿನಹಣ್ಣು ಮಾತ್ರ ಬೇಡ. ಮೇಣ ಕೀಲಿಗೆ ಹೋದರೆ ಮತ್ತೆ ಸೀಮೆಎಣ್ಣೆ ಬಾಟಲಿಯೇ ಗತಿ. ಡಬ್ಬಿ ಮುಚ್ಚಳ ಮೀಟುವುದು, ಬೆನ್ನಿಗೆ ಕಲ್ಲಲ್ಲಿ ಕುಟ್ಟಿ ಕಟ್ಟಿಗೆ ಸೀಳುವುದು ಇವೆಲ್ಲ ಕತ್ತಿಯ ಕೆಲಸ. ಸೊಂಟದ ಕೊಕ್ಕೆಯಲ್ಲಿ ಕತ್ತಿ ನೇತಾಡುತ್ತಿರುವಾಗ ಪಾಪದ ಚಾಕಿಗೆ ಯಾಕೆ ಹಿಂಸೆ?

ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಮನೆ, ಕೃಷಿ ಬಳಕೆಗೆ ಅಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳು ಬರುತ್ತವೆ. ನಮ್ಮ ಮಡಚು ಚಾಕು 4 ಇಂಚು ದಾಟುವುದಿಲ್ಲ. ಹಾಗಂತ ಎಲ್ಲಿ ಬೇಕಾದರೂ ಸಿಕ್ಕಿಸಿಕೊಂಡು ಹೋಗಬಹುದು ಅಂತಲ್ಲ. ಪೇಟೆಗೆ, ಜಾತ್ರೆಗೆ, ಮೆರವಣಿಗೆಗೆ ಒಯ್ಯಬೇಡಿ. ನಿಷೇಧಾಜ್ಞೆ ಇರುವ ದಿನವಂತೂ ಪೊಲೀಸರಿಗೆ ನೀವು ಉಕ್ಕಿನ ವಿಚಾರ, ಷೆಫೀಲ್ಡಿನ ಇತಿಹಾಸ ಹೇಳುತ್ತಾ ನಿಲ್ಲಬೇಕಾಗುತ್ತದೆ, ಅವರಿಗೆ ಕೇಳುವ ತಾಳ್ಮೆ ಇರುವುದಿಲ್ಲ. ಗುಂಡಿ ಒತ್ತಿದರೆ ಚಂಗನೆ ಹಾರುವ ಬಟನ್ ಚಾಕು ಮನೆಗೇ ತರಬೇಡಿ.

ಟ್ರೆಕ್ಕಿಂಗ್ ಹುಡುಗರಿಗೆ ಇದು ಮುಖ್ಯ. ವನ್ಯಜೀವಿ ಕಾಯ್ದೆಯಲ್ಲಿ "ಆಯುಧ" ಅನ್ನುವ ಪದದ ಅರ್ಥದೊಳಗೆ ಚಾಕು ಸೇರಿದೆ, 31ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವಂತಿಲ್ಲ. ಕೊಡಚಾದ್ರಿ ಇರುವುದು ಮೂಕಾಂಬಿಕಾ ಅಭಯಾರಣ್ಯದಲ್ಲಿ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಭದ್ರಾ, ಕುದುರೆಮುಖ ಎಲ್ಲ ಇದೇ ಲೆಕ್ಕ. ಸೌತೆಕಾಯಿ ಹೆಚ್ಚೋಕೆ ಅಂತ ಹೇಳಿದರೆ ಗಾರ್ಡು ನಗಬಹುದು, ಬಿಡುವುದಿಲ್ಲ. ಮನೆಯಲ್ಲೇ ಹೆಚ್ಚಿಕೊಂಡು ಡಬ್ಬಿಗೆ ಹಾಕಿ. ವಿಮಾನದ ಕೈಚೀಲದಲ್ಲೂ ಇಡುವಂತಿಲ್ಲ, ಭಾವ ನನ್ನದನ್ನು ತಂದದ್ದು ಚೆಕ್-ಇನ್ ಸೂಟ್‌ಕೇಸಿನಲ್ಲಿ.

ಇನ್ನೊಬ್ಬರಿಗೆ ಕೊಡುವಾಗ ಮುಚ್ಚಿ ಕೊಡಿ. ಲಾಕ್ ಇಲ್ಲದ ಚಾಕಲ್ಲಿ ಚುಚ್ಚುವ ಕೆಲಸ ಮಾಡಬೇಡಿ. ನನ್ನ ತೋರುಬೆರಳಿನ ಮೂರು ಹೊಲಿಗೆ ಅದರ ರಸೀದಿ.

ಮಳೆಗಾಲ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ. ಅಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಜೂನ್ ಬಂತು ಅಂದರೆ ಚಾಕನ್ನು ಚರ್ಮದ ಚೀಲದಿಂದ ಹೊರಗೆ ತೆಗೆಯಿರಿ. ಎಲ್ಲರೂ ಅದರೊಳಗೆ ಭದ್ರ ಅಂದುಕೊಳ್ಳುತ್ತಾರೆ. ಚರ್ಮ ತೇವ ಹಿಡಿದಿಡುತ್ತದೆ, ಹದ ಮಾಡಲು ಹಾಕಿದ ರಾಸಾಯನಿಕವೂ ಅದರಲ್ಲೇ ಇರುತ್ತದೆ, ಎರಡೂ ಸೇರಿ ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಕಿಲುಬು. ಅಲಗಿಗೆ ಪ್ಯಾರಾಫಿನ್ ತೆಳ್ಳಗೆ ಸವರಿ, ಎಣ್ಣೆಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಕೂಡಿಟ್ಟುಕೊಳ್ಳಿ, ಡಬ್ಬಿಗೆ ನಾಲ್ಕೈದು ಹಾಕಿ. ಚೀಲವನ್ನು ಬೇರೆ ಕಡೆ, ಒಲೆಯ ಬಿಸಿ ಸ್ವಲ್ಪ ತಾಗುವ ಕಡೆ ನೇತುಹಾಕಿ. ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆಗೆದು ನೋಡಿ. ಕೆಂಪು ಚುಕ್ಕಿ ಕಂಡರೆ ಆಗಲೇ ಎಣ್ಣೆ ಹಚ್ಚಿ ಫಾಯಿಲಿನಲ್ಲಿ ಉಜ್ಜಿಬಿಡಿ. ಆರಿದ್ರಾ ಮಳೆಯಲ್ಲಿ ಕಂಡ ಚುಕ್ಕಿಯನ್ನು ನಾಳೆ ನೋಡೋಣ ಅಂತ ಬಿಟ್ಟು ಆಶ್ಲೇಷಕ್ಕೆ ತೆಗೆದರೆ ಗುಂಡಿ ಬಿದ್ದಿರುತ್ತದೆ.

ಮಳೆ ಮುಗಿದರೆ ಆಯುಧಪೂಜೆ. ಕತ್ತಿ, ಮೆಟ್ಟುಗತ್ತಿ, ಹಾರೆ, ಗುದ್ದಲಿ ಎಲ್ಲ ತೊಳೆದು ಸಾಲಾಗಿ ಇಡುವಾಗ ಚಾಕುಗಳೂ ಬಂದು ಕೂರುತ್ತವೆ. ಮೊದಲ ವರ್ಷ ಅಲಗಿನ ಮೇಲೆ ಒದ್ದೆ ಕುಂಕುಮ ಇಟ್ಟು, ಪಕ್ಕದಲ್ಲಿ ಕೊಯ್ದ ನಿಂಬೆಹಣ್ಣು ಇಟ್ಟು, ಪ್ರಸಾದ ತಿಂದು ಮಲಗಿದ್ದೆವು. ಬೆಳಿಗ್ಗೆ ನೋಡಿದರೆ ಕುಂಕುಮ ಇಟ್ಟಲ್ಲೆಲ್ಲ ದುಂಡಗೆ ತುಕ್ಕು, ಅದರ ಗುರುತು ಈಗಲೂ ಇದೆ. ಈಗ ಅಮ್ಮ ಕುಂಕುಮ ಇಡುವುದು ಹಿತ್ತಾಳೆ ಟೋಪಿಯ ಮೇಲೆ.